ರೇಂಜ್ ಐತಿ, ಕಾಲ್ ಹೋಗವಲ್ದು

ಜಮಖಂಡಿಯಲ್ಲಿ ನನ್ನದೊಂದು ಮೊಬೈಲ್ ಅಂಗಡಿ. ಕೀಪ್ಯಾಡ್ ಸೆಟ್ಟಿನ ಸ್ಪೀಕರ್ ಬದಲಿಸುವುದರಿಂದ ಹಿಡಿದು ಸಿಮ್ ಪೋರ್ಟ್ ಮಾಡಿಸಿಕೊಡುವವರೆಗೆ ಎಲ್ಲ ಕೆಲಸವೂ ಒಂದೇ ಕೌಂಟರಿನಲ್ಲಿ. ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯವರೂ ಬರುತ್ತಾರೆ. ಬಂದವರ ಬಾಯಲ್ಲಿ ಮೊದಲ ಮಾತು ಹೆಚ್ಚುಕಡಿಮೆ ಒಂದೇ: “ರೇಂಜ್ ಬರವಲ್ದು ನೋಡ್ರಿ.” ದವಾಖಾನೆಗೆ ಹೋಗಿ “ಮೈಯಾಗ ಆರಾಮಿಲ್ಲ” ಅಂದರೆ ಡಾಕ್ಟರಿಗೆ ಎಷ್ಟು ತಿಳಿದೀತೋ ನನಗೂ ಅಷ್ಟೇ ತಿಳಿಯುತ್ತದೆ.

ಎರಡನೇ ಮಾತು ಟವರಿಗೆ ಬೈಗುಳ. ಟವರ್ ದೂರ, ಟವರ್ ಕೆಟ್ಟಿದೆ, ಟವರ್ ಹೆಸರಿಗೆ ಮಾತ್ರ. ಟವರಿನ ತಪ್ಪು ಇರುವುದೇ ಇಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಒಂದು ಕಾಲ್ ಹೋಗಬೇಕಾದರೆ ಟವರ್, ಫೋನಿನ ಯಂತ್ರ, ಅದರೊಳಗಿನ ಸಾಫ್ಟ್‌ವೇರ್ ಮೂರೂ ಒಪ್ಪಬೇಕು. ಮೊದಲ ಎರಡರ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಮೂರನೆಯದರ ನೆನಪು ಯಾರಿಗೂ ಆಗುವುದಿಲ್ಲ. ನನ್ನ ಕೌಂಟರಿಗೆ ಬರುವ ತಕರಾರುಗಳಲ್ಲಿ ಬಹಳಷ್ಟು ಆ ಮೂರನೆಯದರದ್ದೇ.

ಮೊದಲು ಟವರಿನ ಸಂಗತಿ ಮುಗಿಸಿಬಿಡೋಣ. ಫೋನಿನ ತಲೆಯ ಮೇಲೆ ಕಾಣುವ ಕಡ್ಡಿಗಳನ್ನು ನಾನು ನಂಬುವುದಿಲ್ಲ. ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ತೋರಿಸಬೇಕು ಎಂದು ಎಲ್ಲರಿಗೂ ಅನ್ವಯಿಸುವ ಕಾಯಿದೆ ಇಲ್ಲ, ಫೋನ್ ಮಾಡುವ ಕಂಪನಿಯೇ ತನಗೆ ಬೇಕಾದಂತೆ ಇಟ್ಟುಕೊಳ್ಳುತ್ತದೆ. ನಿಜವಾದ ಲೆಕ್ಕ ಇರುವುದು ಒಳಗೆ. ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ಸೆಟ್ಟಿಂಗ್ಸ್, ಅಬೌಟ್ ಫೋನ್, ಸಿಮ್ ಸ್ಟೇಟಸ್ ಎಂದು ಹೋದರೆ ಸಿಗ್ನಲ್ ಸ್ಟ್ರೆಂತ್ ಎಂಬಲ್ಲಿ ಮೈನಸ್ ಗುರುತಿನ ಒಂದು ಸಂಖ್ಯೆ ಸಿಗುತ್ತದೆ, ಪಕ್ಕದಲ್ಲಿ ಡಿಬಿಎಂ ಎಂದು ಬರೆದಿರುತ್ತದೆ. 4ಜಿಯಲ್ಲಿ ಅದು ಮೈನಸ್ 80ರ ಆಸುಪಾಸು ಇದ್ದರೆ ಭೇಷ್. 100ಕ್ಕೆ ಬಂದರೆ ಸಾಧಾರಣ. 115 ದಾಟಿತೆಂದರೆ ಮಾತು ತುಂಡು ತುಂಡಾಗಿ ಕೇಳುತ್ತದೆ. ಸಂಖ್ಯೆ ಹತ್ತು ಕೆಳಗಿಳಿದರೆ ಸಿಗ್ನಲಿನ ಬಲ ಹತ್ತರಲ್ಲಿ ಒಂದು ಪಾಲಾಗುತ್ತದೆ, ಇಪ್ಪತ್ತು ಇಳಿದರೆ ನೂರರಲ್ಲಿ ಒಂದು.

ಬನಹಟ್ಟಿಯ ಒಬ್ಬ ನೇಕಾರ ಕಾಕಾ ಫೋನ್ ಬದಲಿಸಿದರು, ಸಿಮ್ ಬದಲಿಸಿದರು, ಕಡೆಗೆ ನನ್ನನ್ನೇ ಮನೆಗೆ ಕರೆದರು. ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ನೋಡಿದರೆ ಮೈನಸ್ 92. ಅಲ್ಲಿಂದ ಹತ್ತು ಹೆಜ್ಜೆ ಒಳಗೆ ಮಗ್ಗದ ಶೆಡ್ಡು. ಮೇಲೆ ತಗಡಿನ ಪತ್ರಾಸು, ಎರಡು ಕಡೆ ಪತ್ರಾಸಿನದೇ ಗೋಡೆ, ನಡುವೆ ಕಬ್ಬಿಣದ ಪವರ್‌ಲೂಮುಗಳು ಒಂದಕ್ಕೊಂದು ಹತ್ತಿ ನಿಂತಿವೆ. ಅಲ್ಲಿ ಮೈನಸ್ 116. ಹತ್ತು ಹೆಜ್ಜೆಯೊಳಗೆ ಸಿಗ್ನಲ್ ಇನ್ನೂರೈವತ್ತು ಪಟ್ಟು ಬಡವಾಗಿತ್ತು. ತಗಡು ರೇಡಿಯೋ ಅಲೆಯನ್ನು ಒಳಗೆ ಬಿಡುವುದಿಲ್ಲ, ಬಡಿದು ವಾಪಸು ಕಳಿಸುತ್ತದೆ. ಕಂಪನಿ ಎಷ್ಟು ಎತ್ತರದ ಟವರ್ ಹಾಕಿದರೂ ಆ ಶೆಡ್ಡಿನೊಳಗೆ ಇದೇ ಗತಿ.

“ಮತ್ತ ಹೆಂಗ್ರಿ ತಮ್ಮಾ? ವ್ಯಾಪಾರಿ ಫೋನ್ ಬರೂದ ನಾ ಮಗ್ಗದ ಮುಂದ ಇದ್ದಾಗ,” ಅಂದರು ಕಾಕಾ. ಮಗ ಮನೆಗೆ ಫೈಬರ್ ಇಂಟರ್ನೆಟ್ ಹಾಕಿಸಿದ್ದ. ವೈಫೈ ಕಾಲಿಂಗ್ ಎಂಬ ಗುಂಡಿ ಒತ್ತಿಕೊಟ್ಟೆ, ಶೆಡ್ಡಿನೊಳಗೇ ಕಾಲ್ ಬರತೊಡಗಿತು. ಏರ್‌ಟೆಲ್ 2019ರ ಡಿಸೆಂಬರಿನಲ್ಲಿ, ಜಿಯೋ 2020ರ ಜನವರಿಯಲ್ಲಿ ಶುರುಮಾಡಿದ ಸೌಕರ್ಯ ಇದು. ಬೇರೆ ದುಡ್ಡಿಲ್ಲ. ಆದರೂ ಬಹಳ ಮಂದಿಯ ಫೋನಿನಲ್ಲಿ ಅದು ಬಂದ್ ಆಗಿಯೇ ಇರುತ್ತದೆ. ಮಗ್ಗದ ಸದ್ದಿನಲ್ಲಿ ರಿಂಗ್ ಕೇಳಿಸದಿರುವುದಕ್ಕೆ ಮಾತ್ರ ನನ್ನಲ್ಲಿ ಔಷಧ ಇಲ್ಲ.

ಮುಧೋಳ ಕಡೆಯ ತೋಟದ ಮನೆಗಳ ಕಥೆ ಬೇರೆ. ಅಲ್ಲಿ ಅಡ್ಡ ನಿಲ್ಲುವುದು ಕಬ್ಬು. ಮಳೆಗಾಲದ ಮೊದಲಿಗೆ ಓಡುತ್ತಿದ್ದ ಇಂಟರ್ನೆಟ್ ದೀಪಾವಳಿ ಹೊತ್ತಿಗೆ ತೆವಳತೊಡಗುತ್ತದೆ, ಕಬ್ಬು ಕಟಾವಾದ ಮೇಲೆ ತಾನೇ ಸರಿಹೋಗುತ್ತದೆ. ಆಳೆತ್ತರ ಮೀರಿದ ಬೆಳೆ, ನೀರು ತುಂಬಿದ ಎಲೆ, ಅದೂ ಎಕರೆಗಟ್ಟಲೆ. ಕಿರಿದಾದ ಅಲೆಗಳು ಅದರಲ್ಲಿ ಸೋರಿಹೋಗುತ್ತವೆ. 700 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 43 ಸೆಂಟಿಮೀಟರ್, 5ಜಿಗೆ ಹೆಚ್ಚಾಗಿ ಬಳಸುವ 3500 ಮೆಗಾಹರ್ಟ್ಸ್ ಅಲೆಯದು ಎಂಟೂವರೆ ಸೆಂಟಿಮೀಟರ್. ಉದ್ದನೆಯದು ಎಲೆ, ಗೋಡೆ ದಾಟಿ ದೂರ ಹೋಗುತ್ತದೆ. ಗಿಡ್ಡನೆಯದು ಹೆಚ್ಚು ಡೇಟಾ ಹೊರುತ್ತದೆ, ಆದರೆ ಬೇಗ ದಣಿಯುತ್ತದೆ. ಪೇಟೆಯ ಸರ್ಕಲ್‌ನಲ್ಲಿ 5ಜಿ ಎಂದು ತೋರಿಸಿದ ಫೋನು ತೋಟಕ್ಕೆ ಹೋದೊಡನೆ 4ಜಿಗೆ ಇಳಿಯುವುದು ಇದಕ್ಕೇ. ಅಂಥಲ್ಲಿ 5ಜಿಯನ್ನು ಕೈಯಾರೆ ಬಂದ್ ಮಾಡಿಟ್ಟರೆ ಬ್ಯಾಟರಿಯಾದರೂ ಉಳಿಯುತ್ತದೆ.

ಬೀಳಗಿ ತಾಲೂಕಿನ ಹಿನ್ನೀರಿನ ದಂಡೆಯವರ ತಕರಾರು ನನಗೆ ಎಲ್ಲಕ್ಕಿಂತ ಇಷ್ಟ, ಯಾಕೆಂದರೆ ಅದನ್ನು ಕೇಳಿದವರು ನಂಬುವುದೇ ಇಲ್ಲ. “ರೇಂಜ್ ಐತ್ರಿ, ಆದ್ರ ಕಾಲ್ ಹೋಗವಲ್ದು.” ಆಲಮಟ್ಟಿಯ ನೀರು ತುಂಬಿ ನಿಂತಾಗ ಹೊಳೆಯ ಮೇಲೆ ಮರವಿಲ್ಲ, ಮನೆಯಿಲ್ಲ, ಗುಡ್ಡವಿಲ್ಲ. ಆಚೆ ದಂಡೆಯ ದೂರದ ಟವರಿನ ಅಲೆ ನೀರಿನ ಮೇಲೆ ಸರಾಗ ಬರುತ್ತದೆ, ಫೋನು ಅದನ್ನು ಹಿಡಿದು ಕಡ್ಡಿ ತೋರಿಸುತ್ತದೆ. ಆದರೆ ಟವರ್ ಕೂಗುವುದು ಹತ್ತಾರು ವಾಟ್ ಬಲದಲ್ಲಿ. 4ಜಿ ಫೋನು ತಿರುಗಿ ಕೂಗುವುದು ಹೆಚ್ಚೆಂದರೆ 0.2 ವಾಟ್‌ನಲ್ಲಿ. ಅವರ ಮಾತು ನಮಗೆ ಕೇಳುತ್ತದೆ, ನಮ್ಮ ಮಾತು ಅವರಿಗೆ ಮುಟ್ಟುವುದಿಲ್ಲ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ತೆಗೆದರೆ ಕೆಲವೊಮ್ಮೆ ಅದು ಹತ್ತಿರದ ಟವರನ್ನು ಹುಡುಕಿಕೊಳ್ಳುತ್ತದೆ. ಇಲ್ಲದಿದ್ದರೆ ಮನೆಯ ಮತ್ತೊಂದು ಬದಿಗೆ, ಹೊಳೆಗೆ ಬೆನ್ನು ಮಾಡಿ ನಿಂತು ಮಾತಾಡಬೇಕು. ಹುಚ್ಚುತನದಂತೆ ಕಂಡರೂ ಕೆಲಸ ಆಗುತ್ತದೆ.

ಇನ್ನು ಫೋನಿನ ಯಂತ್ರ. ಒಂದೊಂದು ಕಂಪನಿಗೆ ಒಂದೊಂದು ತರಂಗದ ಪಾಲು ಇದೆ, ಅದಕ್ಕೆ ಬ್ಯಾಂಡ್ ಎನ್ನುತ್ತಾರೆ. ಜಿಯೋದ 4ಜಿ ನಡೆಯುವುದು 850, 1800, 2300 ಮೆಗಾಹರ್ಟ್ಸ್‌ನಲ್ಲಿ. ಬಿಎಸ್‌ಎನ್‌ಎಲ್ 4ಜಿಗೆ ಮುಖ್ಯವಾಗಿ 700 ಮತ್ತು 2100. ಈ 700ಕ್ಕೆ ಬ್ಯಾಂಡ್ 28 ಎಂದು ಹೆಸರು. 2016ರ ಹರಾಜಿನಲ್ಲೂ 2021ರ ಹರಾಜಿನಲ್ಲೂ ಬೆಲೆ ಹೆಚ್ಚಾಯಿತೆಂದು ಯಾರೂ ಅದನ್ನು ಮುಟ್ಟಿರಲಿಲ್ಲ, 2022ರಲ್ಲಿ ಜಿಯೋ ಕೊಂಡಿತು. ಅಲ್ಲಿಯ ತನಕ ನಮ್ಮ ದೇಶದಲ್ಲಿ ಯಾರೂ ಬಳಸದ ಬ್ಯಾಂಡನ್ನು ಅಗ್ಗದ ಫೋನಿನಲ್ಲಿ ಕೂಡಿಸಲು ಯಾವ ಕಂಪನಿ ದುಡ್ಡು ಸುರಿದೀತು? ಹಾಗಾಗಿ ಆಗಿನ ಎಷ್ಟೋ ಹ್ಯಾಂಡ್‌ಸೆಟ್‌ಗಳಲ್ಲಿ 28 ಇಲ್ಲ. ಅವು 700ರ ಟವರಿನ ಬುಡದಲ್ಲಿ ನಿಂತರೂ ಅದರ ದನಿ ಕೇಳಲಾರವು, ಯಾವ ಅಪ್ಡೇಟೂ ಅವನ್ನು ರಿಪೇರಿ ಮಾಡಲಾರದು. ಅಮೆರಿಕದಲ್ಲಿರುವ ಮಕ್ಕಳು ಕಳಿಸುವ ಫೋನುಗಳದು ಬೇರೆ ಗೋಳು. ಅಮೆರಿಕದಲ್ಲಿ ಮಾರುವ ಐಫೋನ್ 14ಕ್ಕೆ ಮತ್ತು ಅದರ ನಂತರದವಕ್ಕೆ ಸಿಮ್ ಹಾಕುವ ಕಿಂಡಿಯೇ ಇಲ್ಲ, ಇ-ಸಿಮ್ ಮಾತ್ರ. ಅಪ್ಪ ಪಿನ್ನು ಹಿಡಿದುಕೊಂಡು ಕಿಂಡಿ ಹುಡುಕುತ್ತಿರುತ್ತಾರೆ.

ಈಗ ಆ ಮೂರನೆಯದಕ್ಕೆ ಬರುತ್ತೇನೆ. ಟವರ್ ಸರಿ, ಬ್ಯಾಂಡ್ ಸರಿ, ಆದರೂ ಕೆಲಸ ಆಗುವುದಿಲ್ಲ ಎಂದರೆ ಏನು? ಫೋನಿನೊಳಗೆ ಪ್ರತಿ ಸೇವಾ ಕಂಪನಿಗೂ ಒಂದು ಪುಟ್ಟ ಕಡತ ಇರುತ್ತದೆ. ಸಿಮ್ ಹಾಕಿದೊಡನೆ ಫೋನು ಅದರೊಳಗಿನ ಗುರುತಿನ ಸಂಖ್ಯೆಯ ಮೊದಲ ಅಂಕಿಗಳನ್ನು ಓದುತ್ತದೆ. ಭಾರತದ್ದಾದರೆ 404 ಅಥವಾ 405. ಅದರ ಮುಂದಿನ ಅಂಕಿಗಳು ಕಂಪನಿ ಮತ್ತು ರಾಜ್ಯ: ಕರ್ನಾಟಕದ ಏರ್‌ಟೆಲ್‌ಗೆ 404-45, ಬಿಎಸ್‌ಎನ್‌ಎಲ್‌ಗೆ 404-71. ಆ ಸಂಖ್ಯೆಯ ಕಡತ ತೆಗೆದು, ಇವರ ಜಾಲದಲ್ಲಿ 4ಜಿ ಮೇಲೆ ಮಾತಾಡಬಹುದೇ, ವೈಫೈ ಕಾಲ್ ಬಿಡಬಹುದೇ, 5ಜಿ ಹಚ್ಚಬಹುದೇ ಎಂದು ನೋಡುತ್ತದೆ. ಕಡತದಲ್ಲಿ “ಹೌದು” ಎಂದು ಬರೆದಿಲ್ಲದಿದ್ದರೆ ಯಂತ್ರಕ್ಕೆ ಶಕ್ತಿ ಇದ್ದರೂ ಅದು ಸುಮ್ಮನೆ ಕೂರುತ್ತದೆ. ಆ ಕಡತ ಬದಲಾಗುವುದು ಅಪ್ಡೇಟಿನಿಂದ.

2016ರ ಸೆಪ್ಟೆಂಬರ್ 5ರಂದು ಜಿಯೋ ಬಂದಾಗ ನಮಗೆ ಇದರ ಮೊದಲ ಪಾಠ ಆಯಿತು. ಅದಕ್ಕೆ 2ಜಿ, 3ಜಿ ಇರಲೇ ಇಲ್ಲ. ಮಾತು ಕೂಡ 4ಜಿ ಮೇಲೆಯೇ ಹೋಗಬೇಕು, ಅದಕ್ಕೆ ವೋಲ್ಟೆ ಎನ್ನುತ್ತಾರೆ. 4ಜಿ ಫೋನು ಎಂದು ದುಡ್ಡು ಕೊಟ್ಟು ತಂದವರ ಕೈಯಲ್ಲಿ ಇಂಟರ್ನೆಟ್ ಓಡುತ್ತಿತ್ತು, ಕಾಲ್ ಮಾತ್ರ ಹೋಗುತ್ತಿರಲಿಲ್ಲ. ಅಂಥವರಿಗೆ ಜಿಯೋ ಬೇರೊಂದು ಆ್ಯಪ್ ಕೊಟ್ಟು ಅದರಿಂದ ಮಾತಾಡಿಸಿತು. ಕೆಲವು ಫೋನುಗಳು ಮುಂದೆ ಅಪ್ಡೇಟ್ ಬಂದು ಸರಿಯಾದವು, ಕೆಲವು ಆಗಲೇ ಇಲ್ಲ.

ಎರಡನೆಯದು 5ಜಿ. 2022ರ ಅಕ್ಟೋಬರ್ 1ರಂದು ದೆಹಲಿಯಲ್ಲಿ ಅದಕ್ಕೆ ಚಾಲನೆ ಸಿಕ್ಕಿತು. ಅಷ್ಟರೊಳಗೆ 5ಜಿ ಎಂದು ಡಬ್ಬಿಯ ಮೇಲೆ ಬರೆದ ಫೋನುಗಳನ್ನು ಜನ ಎರಡು ವರ್ಷದಿಂದ ಕೊಳ್ಳುತ್ತಿದ್ದರು. ಟವರ್ ಹತ್ತಿದ ಊರುಗಳಲ್ಲೂ ಬಹಳ ಫೋನುಗಳು 4ಜಿ ಎಂದೇ ತೋರಿಸಿದವು. ಭಾರತದ ಜಾಲಗಳಿಗೆ ಒಳಗಿನ ಬೀಗ ಇನ್ನೂ ತೆಗೆದಿರಲಿಲ್ಲ. ಅದೇ ತಿಂಗಳು ಸರ್ಕಾರ ಫೋನ್ ತಯಾರಕರನ್ನೂ ಸೇವಾ ಕಂಪನಿಗಳನ್ನೂ ಕರೆಸಿ ಕೂಡಿಸಿ ಬೇಗ ಅಪ್ಡೇಟ್ ಕೊಡಿ ಎಂದು ಹೇಳಬೇಕಾಯಿತು. ಐಫೋನುಗಳಿಗೆ ಅದು ಬಂದದ್ದು ಡಿಸೆಂಬರ್ 13ಕ್ಕೆ, ಐಒಎಸ್ 16.2ರಲ್ಲಿ. 2020ರ ಐಫೋನ್ 12 ಕೂಡ ಆ ದಿನವೇ ನಮ್ಮ ದೇಶದಲ್ಲಿ 5ಜಿ ಫೋನಾಯಿತು! ಇನ್ನೊಂದು ತೊಡಕೂ ಇತ್ತು. ಏರ್‌ಟೆಲ್ ತನ್ನ 5ಜಿಯನ್ನು ಹಳೆಯ 4ಜಿಯ ಹೆಗಲ ಮೇಲೆ ಕೂರಿಸಿತು, ಜಿಯೋ ಪೂರ್ತಿ ಸ್ವತಂತ್ರ ಜಾಲ ಕಟ್ಟಿತು. ಎರಡೂ ಬಗೆಯನ್ನು ಎಲ್ಲ ಫೋನೂ ಅರಿಯುವುದಿಲ್ಲ. ಒಂದೇ ಫೋನಿನಲ್ಲಿ ಒಂದು ಸಿಮ್‌ಗೆ 5ಜಿ ಬಂದು ಇನ್ನೊಂದಕ್ಕೆ ಬರದೆ, ಮನೆಯಲ್ಲಿ ಅಣ್ಣ-ತಮ್ಮಂದಿರ ನಡುವೆ ಯಾವ ಕಂಪನಿ ದೊಡ್ಡದು ಎಂಬ ವಾದವೇ ನಡೆಯುತ್ತಿತ್ತು.

ಮೂರನೆಯ ಪಾಠ ಈಗಲೂ ನಡೆದಿದೆ. 2024ರ ಜುಲೈ ಮೊದಲ ವಾರ ಜಿಯೋ, ಏರ್‌ಟೆಲ್, ವಿ ಮೂರೂ ರಿಚಾರ್ಜ್ ದರ ಏರಿಸಿದವು. ಜನ ಸಿಟ್ಟಿನಲ್ಲಿ ಬಿಎಸ್‌ಎನ್‌ಎಲ್ ಕಡೆ ಹೊರಳಿದರು. “ಸರಕಾರದ್ದ ಹಾಕ್ರಿ, ಇವರದ ಬ್ಯಾಡ.” ಬಿಎಸ್‌ಎನ್‌ಎಲ್‌ನ 4ಜಿ ಆಗಿನ್ನೂ ಹರಡುತ್ತಿತ್ತು. ಟಿಸಿಎಸ್, ತೇಜಸ್ ನೆಟ್‌ವರ್ಕ್ಸ್, ಸಿ-ಡಾಟ್ ಸೇರಿ ದೇಶದಲ್ಲೇ ಮಾಡಿದ ಸಲಕರಣೆಯ ಜಾಲ ಅದು. ಸುಮಾರು 97,500 ಟವರುಗಳೊಂದಿಗೆ ಪ್ರಧಾನಿ ಅದನ್ನು ಉದ್ಘಾಟಿಸಿದ್ದು 2025ರ ಸೆಪ್ಟೆಂಬರ್ 27ರಂದು, ಒಡಿಶಾದ ಝಾರ್ಸುಗುಡದಲ್ಲಿ. ನನಗಂತೂ ಅದು ಹೆಮ್ಮೆಯ ಸಂಗತಿಯೇ. ಆದರೆ ಟವರ್ ಹೊಸದಾದರೆ ಫೋನಿನೊಳಗಿನ ಕಡತವೂ ಹೊಸದಾಗಬೇಕಲ್ಲ? ಎಷ್ಟೋ ಫೋನುಗಳಲ್ಲಿ ಬಿಎಸ್‌ಎನ್‌ಎಲ್ ವೋಲ್ಟೆಗೆ ಅನುಮತಿ ಬರೆದೇ ಇರಲಿಲ್ಲ. ಹಾಗಾದಾಗ ಇಂಟರ್ನೆಟ್ 4ಜಿಯಲ್ಲಿ ಓಡುತ್ತದೆ, ಕಾಲ್ ಬಂದೊಡನೆ ಫೋನು 2ಜಿಗೆ ಇಳಿಯುತ್ತದೆ, ಮಾತು ಮುಗಿಯುವ ತನಕ ಡೇಟಾ ಕೈಕೊಡುತ್ತದೆ. ಕಿರಾಣಿ ಅಂಗಡಿಯವರು ಕಿವಿಗೆ ಫೋನು ಹಿಡಿದು ಮಾತಾಡುತ್ತಿರುವಾಗ ಗಿರಾಕಿ ಹಾಕಿದ ಫೋನ್‌ಪೇ ದುಡ್ಡಿನ ಸಂದೇಶ ಬರುವುದಿಲ್ಲ, ಇಬ್ಬರಿಗೂ ಜಗಳ. ಇದಕ್ಕೆ ಮದ್ದು ಟವರಿನಲ್ಲಿಲ್ಲ, ಫೋನ್ ಕಂಪನಿ ಕಳಿಸುವ ಅಪ್ಡೇಟಿನಲ್ಲಿದೆ. ಜೊತೆಗೆ ಹಳೆಯ ಸಿಮ್ ಇದ್ದರೆ 4ಜಿ ಸಿಮ್‌ಗೆ ಬದಲಿಸಿಕೊಳ್ಳಬೇಕು. ಕತ್ತರಿಯಿಂದ ಕತ್ತರಿಸಿ ನ್ಯಾನೋ ಮಾಡಿದ ಹತ್ತು ವರ್ಷದ ಸಿಮ್ ಇಟ್ಟುಕೊಂಡು 4ಜಿ ಕೇಳುವವರು ಈಗಲೂ ಬರುತ್ತಾರೆ.

ಅಪ್ಡೇಟ್ ಎಂದೊಡನೆ ಜನ ಹಿಂಜರಿಯುತ್ತಾರೆ. “ಅದನ್ನ ಒತ್ತಬ್ಯಾಡ್ರಿ ಸರ, ಫೋನ್ ಸ್ಲೋ ಆಗತೈತಿ.” ಈ ಭಯ ಪೂರ್ತಿ ಸುಳ್ಳಲ್ಲ. ಹೊಸ ಆಂಡ್ರಾಯ್ಡ್ ಬಂದ ಮೇಲೆ ಒಂದೆರಡು ದಿನ ಫೋನು ಬಿಸಿಯಾಗುತ್ತದೆ, ಎಲ್ಲ ಆ್ಯಪ್‌ಗಳನ್ನೂ ಒಳಗೆ ಮತ್ತೆ ಜೋಡಿಸಿಕೊಳ್ಳುತ್ತಿರುತ್ತದೆ. ರ್‍ಯಾಮ್ ಕಡಿಮೆ ಇರುವ ಹಳೆ ಫೋನಿಗೆ ಹೊಸ ಆವೃತ್ತಿ ನಿಜಕ್ಕೂ ಭಾರ. ಆದರೆ ಅಪ್ಡೇಟಿನಲ್ಲಿ ಎರಡು ಜಾತಿ. ವರ್ಷಕ್ಕೊಮ್ಮೆ ಬರುವ ದೊಡ್ಡದು ಆಂಡ್ರಾಯ್ಡ್ ಆವೃತ್ತಿಯನ್ನೇ ಬದಲಿಸುತ್ತದೆ. ನಡುನಡುವೆ ಬರುವ ಸಣ್ಣದು ಕಳ್ಳಗಿಂಡಿ ಮುಚ್ಚುವಂಥದ್ದು, ನೆಟ್‌ವರ್ಕಿನ ರಿಪೇರಿಯೂ ಅದರಲ್ಲೇ ಇರಬಹುದು. ಸಣ್ಣದನ್ನು ಬಂದೊಡನೆ ಹಾಕಿಸಿ ಎನ್ನುತ್ತೇನೆ. ದೊಡ್ಡದಕ್ಕೆ ಒಂದೆರಡು ವಾರ ತಡೆದು, ಅದೇ ಮಾದರಿಯ ಫೋನಿರುವ ಬೇರೆಯವರದು ಹೇಗಿದೆ ಎಂದು ಕೇಳಿ ಹಾಕಿದರೂ ನಡೆಯುತ್ತದೆ.

ನಮ್ಮ ಕಡೆ ಅಪ್ಡೇಟ್ ಆಗದಿರಲು ಭಯಕ್ಕಿಂತ ದೊಡ್ಡ ಕಾರಣ ರಿಚಾರ್ಜ್ ಪ್ಯಾಕು. ಅಪ್ಡೇಟಿನ ತೂಕ 3 ಜಿಬಿ, ದಿನಕ್ಕೆ ಸಿಗುವ ಡೇಟಾ 1.5 ಜಿಬಿ. ಅದು ಮುಗಿದ ಮೇಲೆ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಆ ವೇಗದಲ್ಲಿ ಒಂದು ಜಿಬಿ ಇಳಿಯಲು ಸುಮಾರು ಒಂದೂವರೆ ದಿನ ಬೇಕು. ಮನೆಯಲ್ಲಿ ವೈಫೈ ಇಲ್ಲದವರಿಗೆ ನಾನು ಹೇಳಿಕೊಡುವ ಉಪಾಯ ಇದು: ಆ ದಿನ ರೀಲ್ಸ್ ಮುಟ್ಟಬೇಡಿ, ರಾತ್ರಿ ಹನ್ನೊಂದಕ್ಕೆ ಫೋನ್ ಚಾರ್ಜಿಗಿಟ್ಟು ಡೌನ್‌ಲೋಡ್ ಶುರುಮಾಡಿ. ಹನ್ನೆರಡರ ತನಕ ಇವತ್ತಿನ ಡೇಟಾ, ಹನ್ನೆರಡಾದ ಮೇಲೆ ನಾಳೆಯದು. ಎರಡೂ ಕೂಡಿ ಬೆಳಗಾಗುವುದರೊಳಗೆ ಇಳಿದಿರುತ್ತದೆ. ಜಾಗ ಇಲ್ಲ ಎಂದು ಫೋನು ಹಟ ಮಾಡಿದರೆ ವಾಟ್ಸ್‌ಆ್ಯಪ್ ತೆರೆದು ಶುಭೋದಯದ ಚಿತ್ರಗಳನ್ನು ಅಳಿಸಿ. ಅವುಗಳ ಭಾರಕ್ಕೇ ಎಷ್ಟು ಫೋನುಗಳು ಕುಸಿದಿವೆಯೋ!

ಅಪ್ಡೇಟಿಗೆ ಇನ್ನೊಂದು ಕಾರಣವೂ ಇದೆ. 2023ರ ಅಕ್ಟೋಬರ್ 12ರಂದು ರಾಜ್ಯದಾದ್ಯಂತ ಫೋನುಗಳು ಒಮ್ಮೆಲೇ ಕಿರುಚಿಕೊಂಡದ್ದು ನೆನಪಿರಬಹುದು. ವಿಪತ್ತಿನ ಮುನ್ನೆಚ್ಚರಿಕೆ ಕಳಿಸುವ ವ್ಯವಸ್ಥೆಯ ಪರೀಕ್ಷೆ ಅದು. ಕೆಲವರ ಫೋನು ಸುಮ್ಮನೇ ಇತ್ತು. ಅಂಥ ಸಂದೇಶ ಹಿಡಿಯಲು ಫೋನಿನ ಸಾಫ್ಟ್‌ವೇರಿಗೆ ಬರಬೇಕು, ಸೆಟ್ಟಿಂಗ್ಸ್‌ನಲ್ಲಿ ಎಮರ್ಜೆನ್ಸಿ ಅಲರ್ಟ್ಸ್ ಎಂಬುದು ತೆರೆದಿರಬೇಕು. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆಯರು ಈ ತಾಲೂಕುಗಳ ಹಳ್ಳಿಗಳಿಗೆ ನುಗ್ಗಿದ್ದನ್ನು ಕಂಡವರಿಗೆ ಆ ಗುಂಡಿಯ ಬೆಲೆ ಬಿಡಿಸಿ ಹೇಳಬೇಕಿಲ್ಲ. ಹೊಳೆ ದಂಡೆಯ ಊರಿನವರು ಬಂದರೆ ಕೇಳದಿದ್ದರೂ ಅದನ್ನು ತೆರೆದು ಕೊಡುತ್ತೇನೆ.

ಅಪ್ಡೇಟಿನ ಹೆಸರಿನಲ್ಲಿ ನಡೆಯುವ ಮೋಸದ ಬಗ್ಗೆ ಒಂದು ಮಾತು. ಫೋನಿನ ನಿಜವಾದ ಅಪ್ಡೇಟ್ ಸೆಟ್ಟಿಂಗ್ಸ್‌ನೊಳಗೆ ಬರುತ್ತದೆ, ಆ್ಯಪ್‌ಗಳದು ಪ್ಲೇ ಸ್ಟೋರಿನಲ್ಲಿ. ವಾಟ್ಸ್‌ಆ್ಯಪ್‌ಗೆ ಬರುವ, ಕೊನೆಯಲ್ಲಿ ಎಪಿಕೆ ಎಂದಿರುವ ಫೈಲು ಪಿಎಂ ಕಿಸಾನ್ ಎನ್ನಲಿ, ಬ್ಯಾಂಕಿನ ಕೆವೈಸಿ ಎನ್ನಲಿ, ಮದುವೆ ಕರೆಯೋಲೆ ಎನ್ನಲಿ, ಮುಟ್ಟಬಾರದು. ಮುಟ್ಟಿ ದುಡ್ಡು ಹೋದರೆ ಮೊದಲು ಮಾಡಬೇಕಾದ ಕಾಲ್ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ, ನನ್ನ ಅಂಗಡಿಗಲ್ಲ.

ಹೊಸ ಫೋನ್ ಕೊಳ್ಳಲು ಬಂದವರು ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುತ್ತಾರೆ. ಎಷ್ಟು ವರ್ಷ ಅಪ್ಡೇಟ್ ಕೊಡುತ್ತಾರೆ ಎಂದು ಕೇಳಿದವರು ಅಪರೂಪ. ಗೂಗಲ್ 2023ರಲ್ಲಿ ಪಿಕ್ಸೆಲ್ 8ಕ್ಕೆ, ಸ್ಯಾಮ್‌ಸಂಗ್ 2024ರಲ್ಲಿ ಗ್ಯಾಲಕ್ಸಿ ಎಸ್24ಕ್ಕೆ ಏಳು ವರ್ಷದ ಮಾತು ಕೊಟ್ಟವು. ಹತ್ತು ಸಾವಿರದ ಫೋನಿಗೆ ಅಷ್ಟು ಸಿಗದು, ಆದರೆ ಎರಡು ವರ್ಷ ಕೊಡುವುದಕ್ಕೂ ನಾಲ್ಕು ವರ್ಷ ಕೊಡುವುದಕ್ಕೂ ಅಂತರ ಬಹಳ. ಸೆಕೆಂಡ್ ಹ್ಯಾಂಡ್ ಕೊಳ್ಳುವವರಂತೂ ಆ ಮಾದರಿ ಮಾರುಕಟ್ಟೆಗೆ ಬಂದ ವರ್ಷ ನೋಡಲೇಬೇಕು, ಮಾರುವವ ಎಷ್ಟು ಜೋಪಾನ ಮಾಡಿದ್ದ ಎಂಬುದು ಆಮೇಲಿನದು.

ಪೋರ್ಟ್ ಮಾಡಿಸಲು ಬಂದವರನ್ನು ನಾನು ಒಮ್ಮೆ ವಾಪಸು ಕಳಿಸುತ್ತೇನೆ, ಇದರಿಂದ ನನಗೆ ಸಿಗುವ ನಾಲ್ಕು ಕಾಸು ತಡವಾದರೂ ಸರಿ. 2024ರ ಅಕ್ಟೋಬರಿನಿಂದ ಜಾರಿಗೆ ಬಂದ, ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ಮಾಡಿದ ನಿಯಮದಂತೆ ಪ್ರತಿ ಕಂಪನಿಯೂ ಎಲ್ಲೆಲ್ಲಿ 2ಜಿ, 4ಜಿ, 5ಜಿ ಸಿಗುತ್ತದೆಂಬ ನಕ್ಷೆಯನ್ನು ತನ್ನ ಜಾಲತಾಣದಲ್ಲಿ ಹಾಕಬೇಕು. ಅದರಲ್ಲಿ ನಿಮ್ಮೂರು ನೋಡಿ. ನಕ್ಷೆಗೆ ನಿಮ್ಮ ಮನೆಯ ಪತ್ರಾಸು ಗೊತ್ತಿಲ್ಲ. ಅದಕ್ಕೇ ಆ ಕಂಪನಿಯ ಸಿಮ್ ಇರುವ ನೆರೆಯವರನ್ನು ಕೇಳಿಕೊಂಡು, ಅವರ ಸಿಮ್ಮನ್ನು ಒಂದು ತಾಸು ನಿಮ್ಮದೇ ಫೋನಿಗೆ ಹಾಕಿ, ನಿಮ್ಮದೇ ಮನೆಯಲ್ಲಿ ಕೂತು ಕಾಲ್ ಮಾಡಿ. ಕಾಲ್ ನಡೆದಿರುವಾಗ ಮೇಲೆ 4ಜಿ ಉಳಿಯುತ್ತದೋ 2ಜಿಗೆ ಇಳಿಯುತ್ತದೋ ನೋಡಿ. ಎಲ್ಲ ಸರಿ ಎನಿಸಿದರೆ 1900ಕ್ಕೆ ಎಸ್ಸೆಮ್ಮೆಸ್ ಕಳಿಸಿ, ಬಂದ ಕೋಡ್ ತೆಗೆದುಕೊಂಡು ಬನ್ನಿ. ಅವಸರದಲ್ಲಿ ಹಾರಿದರೆ 90 ದಿನ ತುಂಬುವ ತನಕ ಮತ್ತೆ ಬೇರೆ ಕಂಪನಿಗೆ ಹೋಗಲು ಬಿಡುವುದಿಲ್ಲ.